ತೂಕಕ್ಕೆ ಸಿಗದ ಹೊಗೆ

ಕೇರಳದ ಕಾಸರಗೋಡಿನ ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಸುದ್ದಿಗಳಲ್ಲಿ ಗಾಂಜಾ ಬರುವುದು ಕಿಲೋ ಲೆಕ್ಕದಲ್ಲಿ. ಕಾರಿನ ಡಿಕ್ಕಿಯಲ್ಲಿ ಇಷ್ಟು, ರೈಲಿನ ಸೀಟಿನಡಿ ಅಷ್ಟು. ಮನೆಯೊಳಗೆ ಬರುವುದು ಗದರಿಕೆಯಾಗಿ: "ಅದನ್ನು ಎಳೆದರೆ ತಲೆ ಕೆಡ್ತದೆ." ಒಂದು ಪೊಲೀಸರ ಭಯ, ಇನ್ನೊಂದು ಹುಚ್ಚಿನ ಭಯ. ಹೃದಯಕ್ಕೇನಾಗುತ್ತದೆ ಎಂಬ ಮಾತನ್ನು ಯಾರೂ ಎತ್ತುವುದಿಲ್ಲ. ಬೀಡಿ ಕಟ್ಟಿಯೇ ಎಷ್ಟೋ ಸಂಸಾರಗಳು ಬದುಕಿದ ಊರು ಇದು. ಬೀಡಿ ಹೃದಯಕ್ಕೆ ಕೇಡೆಂಬುದು ಇಲ್ಲಿ ಅಜ್ಜಂದಿರಿಗೂ ಗೊತ್ತು. ಅದೇ ಬೀಡಿಯ ಹೊಗೆಸೊಪ್ಪಿಗೆ ಗಾಂಜಾ ಬೆರೆಸಿ ಸೇದುವ ಹುಡುಗರು ಮಾತ್ರ "ಇದು ಗಿಡದ್ದಲ್ವಾ, ಏನೂ ಆಗುದಿಲ್ಲ" ಎನ್ನುತ್ತಾರೆ. ಹೊಗೆಸೊಪ್ಪೂ ಗಿಡದ್ದೇ.

ತಲೆಯ ಭಯಕ್ಕೆ ಹಳೆಯ ಬೇರುಂಟು. 1893ರಲ್ಲಿ ಬ್ರಿಟಿಷ್ ಸರಕಾರ ಗಾಂಜಾ, ಚರಸ್, ಭಂಗಿಗಳ ತನಿಖೆಗೆಂದು ಆಯೋಗವೊಂದನ್ನು ನೇಮಿಸಿತು. ಕಾಸರಗೋಡು ಆಗ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ಆಯೋಗ ವಿಚಾರಿಸಿತು, ಹುಚ್ಚಾಸ್ಪತ್ರೆಗಳ ದಾಖಲೆ ಜಾಲಾಡಿತು. ಗಾಂಜಾದಿಂದ ಹುಚ್ಚು ಹಿಡಿದವರೆಂದು ಬರೆದಿಟ್ಟಿದ್ದ ಎಷ್ಟೋ ಪ್ರಕರಣಗಳಿಗೆ ಆಧಾರವಿಲ್ಲವೆಂದೂ ಹಿತಮಿತ ಸೇವನೆಯಿಂದ ಹೇಳಿಕೊಳ್ಳುವಂಥ ಹಾನಿಯಿಲ್ಲವೆಂದೂ 1894ರ ವರದಿಯಲ್ಲಿ ಹೇಳಿತು. ಈ ಮಾತನ್ನು ಇಂದಿಗೂ ಎತ್ತಿ ತೋರಿಸುವವರಿದ್ದಾರೆ. ಆದರೆ ಆಸ್ಪತ್ರೆಗಳಲ್ಲಿ ಇಸಿಜಿ ಇಲ್ಲದ ಕಾಲ ಅದು. ಹೃದಯದ ಮೇಲಿನ ಪರಿಣಾಮ ಸರಿಯಾಗಿ ಅಳೆಯಲು ಆಗ ದಾರಿ ಇರಲಿಲ್ಲ.

ಆ ದಾರಿ ತೆರೆದುಕೊಳ್ಳಲು ಬಹಳ ವರ್ಷ ಹಿಡಿಯಿತು. ಗಾಂಜಾದ ಅಮಲಿಗೆ ಕಾರಣವಾದ ಟಿಎಚ್‌ಸಿಯನ್ನು ಇಸ್ರೇಲಿನಲ್ಲಿ ರಫೇಲ್ ಮೆಶೂಲಮ್ ಮತ್ತು ಯೆಹಿಯೆಲ್ ಗಾವೋನಿ ಬೇರ್ಪಡಿಸಿದ್ದು 1964ರಲ್ಲಿ. ಹತ್ತು ವರ್ಷ ಕಳೆದ ಮೇಲೆ ಅಮೆರಿಕದ ವೈದ್ಯರಿಬ್ಬರು, ನಡೆದರೆ ಎದೆನೋವು ಬರುತ್ತಿದ್ದ 10 ಮಂದಿಗೆ ಒಂದೊಂದು ಗಾಂಜಾ ಸಿಗರೇಟು ಕೊಟ್ಟು ವ್ಯಾಯಾಮ ಮಾಡಿಸಿದರು. ನೋವು ಕಾಣಿಸುವವರೆಗಿನ ಸಮಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು, 48 ಶೇಕಡಾ. ಅಮಲಿನ ಅಂಶ ತೆಗೆದ ಸಿಗರೇಟು ಸೇದಿದಾಗ ಇಳಿದದ್ದು 10 ಶೇಕಡಾದೊಳಗೆ.

ಒಳಗೆ ಆಗುವುದು ಹೀಗೆ. ಟಿಎಚ್‌ಸಿ ನರಗಳನ್ನು ಕೆಣಕಿ ಎದೆಬಡಿತ ಏರಿಸುತ್ತದೆ, ಹೃದಯಕ್ಕೆ ಹೆಚ್ಚು ಆಮ್ಲಜನಕ ಬೇಕಾಗುತ್ತದೆ. ಅದೇ ಹೊತ್ತಿಗೆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್ನಿಗೆ ಅಂಟಿ ಆಮ್ಲಜನಕದ ಜಾಗ ಹಿಡಿಯುತ್ತದೆ. ಬೇಡಿಕೆ ಏರುವಾಗಲೇ ಪೂರೈಕೆ ಇಳಿಯುತ್ತದೆ. ಗಾಂಜಾ ಸೇದುವವರು ದಮ್ಮನ್ನು ಆಳಕ್ಕೆ ಎಳೆದು ಉಸಿರು ಬಿಗಿ ಹಿಡಿಯುತ್ತಾರಲ್ಲ, ಅದರಿಂದಾಗಿ ಸಿಗರೇಟಿಗೆ ಹೋಲಿಸಿದರೆ ರಕ್ತಕ್ಕೆ ಸೇರುವ ಕಾರ್ಬನ್ ಮೊನಾಕ್ಸೈಡ್ ಸುಮಾರು ಐದು ಪಟ್ಟು ಎಂದು 1988ರ ಅಧ್ಯಯನ ತೋರಿಸಿತು. ಹೃದಯಾಘಾತವಾಗಿ ಬದುಕುಳಿದ 3882 ಮಂದಿಯನ್ನು ವಿಚಾರಿಸಿ 2001ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಸೇದಿದ ಮೊದಲ ಒಂದು ಗಂಟೆಯಲ್ಲಿ ಆಘಾತದ ಅಪಾಯ 4.8 ಪಟ್ಟು ಏರುವುದು ಕಂಡಿತು. ಸೇದಿದವರ ಸಂಖ್ಯೆ ಅದರಲ್ಲಿ ಸಣ್ಣದು, ಆದ್ದರಿಂದ ಆ ಅಂಕಿಯನ್ನು ತುಸು ಎಚ್ಚರದಿಂದ ಓದಬೇಕು. ಆದರೆ 2024ರಲ್ಲಿ ಬಂದದ್ದು ನಾಲ್ಕು ಲಕ್ಷಕ್ಕೂ ಹೆಚ್ಚು ಅಮೆರಿಕನ್ನರ ಮಾಹಿತಿ: ದಿನವೂ ಬಳಸುವವರಲ್ಲಿ ಹೃದಯಾಘಾತದ ಸಂಭವ 25 ಶೇಕಡಾ, ಪಾರ್ಶ್ವವಾಯುವಿನ ಸಂಭವ 42 ಶೇಕಡಾ ಹೆಚ್ಚು.

ನನ್ನನ್ನು ಹೆಚ್ಚು ಕಾಡುವುದು ಪಕ್ಕದಲ್ಲಿ ಕೂತವರ ವಿಷಯ. ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಹೊರಬಿಟ್ಟು ನಾಳವನ್ನು ಹಿಗ್ಗಿಸುತ್ತದೆ. ರಕ್ತ ರಭಸದಿಂದ ಬಂದಾಗ ದಾರಿ ಬಿಡುವುದು ಆ ಪದರದ ಕೆಲಸ. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮ್ಯಾಥ್ಯೂ ಸ್ಪ್ರಿಂಗರ್ ತಂಡದವರು ಇಲಿಗಳನ್ನು ಒಂದೇ ಒಂದು ನಿಮಿಷ ಗಾಂಜಾ ಹೊಗೆಯಲ್ಲಿಟ್ಟರು. 90 ನಿಮಿಷ ಕಳೆದರೂ ನಾಳಗಳು ಸರಿಯಾಗಿ ಹಿಗ್ಗಲಿಲ್ಲ. ತಂಬಾಕಿನ ಹೊಗೆಯಾದರೆ ಅರ್ಧ ಗಂಟೆಯಲ್ಲಿ ಸುಧಾರಿಸಿಕೊಂಡಿದ್ದವು. ಟಿಎಚ್‌ಸಿ ಇಲ್ಲದ ಗಾಂಜಾ ಉರಿಸಿದಾಗಲೂ ಅದೇ ಕಥೆ. ಅಂದರೆ ಅಮಲು ಏರದಿದ್ದರೂ ಹೊಗೆ ತನ್ನ ಕೆಲಸ ಮಾಡಿತ್ತು. 2016ರಲ್ಲಿ ಪ್ರಕಟವಾದ ಈ ಪ್ರಯೋಗ ಇಲಿಗಳ ಮೇಲಿನದು ನಿಜ. ಆದರೂ ಕಿಟಕಿ ಮುಚ್ಚಿದ ಬಾಡಿಗೆ ಕೋಣೆಯಲ್ಲಿ ಸೇದದೆಯೂ ಕೂತಿರುವ ಗೆಳೆಯನಿಗೆ, ಪಕ್ಕದ ಕೋಣೆಯಲ್ಲಿ ಮಲಗಿದ ಹೃದ್ರೋಗಿ ಅಜ್ಜಿಗೆ "ನಿಮಗೇನೂ ಆಗುವುದಿಲ್ಲ" ಎಂದು ಹೇಳುವ ಧೈರ್ಯ ನನಗಿಲ್ಲ.

ಬೇರೆಯವರ ಹೊಗೆಯ ಬಗ್ಗೆ ದೇಶದಲ್ಲಿ ಮೊದಮೊದಲು ಗಟ್ಟಿಯಾಗಿ ಮಾತಾಡಿದ್ದು ನಮ್ಮದೇ ರಾಜ್ಯದ ನ್ಯಾಯಾಲಯ. 1999ರ ಜುಲೈ 12ರಂದು ಕೇರಳ ಹೈಕೋರ್ಟು, ಸಾರ್ವಜನಿಕ ಸ್ಥಳದಲ್ಲಿ ಧೂಮಪಾನ ಮಾಡುವುದು ಸೇದದವರ ಬದುಕುವ ಹಕ್ಕಿಗೇ ಧಕ್ಕೆ ಎಂದಿತು. ಮುಂದೆ 2003ರಲ್ಲಿ ಕೇಂದ್ರದ ಕಾಯ್ದೆ ಬಂತು. ಅದರ ಪ್ರಕಾರ ಧೂಮಪಾನ ಎಂದರೆ ತಂಬಾಕು ಸೇದುವುದು. ಗಾಂಜಾ ಉಳಿದದ್ದು 1985ರ ಮಾದಕ ವಸ್ತು ಕಾಯ್ದೆಯಲ್ಲಿ. ಅಲ್ಲಿ ಅಳತೆ ತೂಕದ್ದು: 1 ಕಿಲೋವರೆಗೆ ಅಲ್ಪ ಪ್ರಮಾಣ, 20 ಕಿಲೋ ದಾಟಿದರೆ ವಾಣಿಜ್ಯ ಪ್ರಮಾಣ. ಹೀಗೆ ಗಾಂಜಾ ನಮ್ಮಲ್ಲಿ ಅಪರಾಧವಾಗಿಯೇ ಉಳಿಯಿತು, ಹೊಗೆಯೆಂದು ಯಾರೂ ಎಣಿಸಲಿಲ್ಲ.

ಅದರ ಫಲ ಆಸ್ಪತ್ರೆಯಲ್ಲಿ ಕಾಣುತ್ತದೆ. ಎದೆನೋವೆಂದು ಇಪ್ಪತ್ತೈದರ ಹುಡುಗನನ್ನು ತಲಪಾಡಿ ದಾಟಿಸಿ ಮಂಗಳೂರಿಗೆ ಒಯ್ದರೆ ಅಲ್ಲಿ ಕೇಳುವುದು, "ಬೀಡಿ, ಸಿಗರೇಟು ಉಂಟಾ?" ಅಪ್ಪ ಪಕ್ಕದಲ್ಲೇ ನಿಂತಿರುವಾಗ ಹುಡುಗ ತಲೆಯಾಡಿಸಿ "ಇಲ್ಲ" ಎನ್ನುತ್ತಾನೆ. ಸೇದುವುದೇ ಅಪರಾಧವಾದ್ದರಿಂದ ಕೇಸಾಗುವ ಹೆದರಿಕೆಯೂ ಅವನಿಗೆ ಇರುತ್ತದೆ. ಚಟಕ್ಕೆ ಬಿದ್ದವನು ತಾನಾಗಿ ಮಾನ್ಯತೆ ಪಡೆದ ಕೇಂದ್ರಕ್ಕೆ ಚಿಕಿತ್ಸೆಗೆ ಬಂದರೆ ಮೊಕದ್ದಮೆಯಿಂದ ರಕ್ಷಣೆ ಕೊಡುವ 64ಎ ಕಲಮು ಅದೇ ಕಾಯ್ದೆಯಲ್ಲಿದೆ ಎಂಬುದು ಅವನಿಗೂ ಗೊತ್ತಿಲ್ಲ, ಅಪ್ಪನಿಗೂ ಗೊತ್ತಿಲ್ಲ. ವೈದ್ಯರು ಇನ್ನೊಂದು ಪ್ರಶ್ನೆ ಕೇಳಬೇಕು: "ಗಾಂಜಾ ಎಳೆದದ್ದುಂಟಾ? ಎಷ್ಟು ಹೊತ್ತಾಯಿತು?" ಅದನ್ನು ಕೇಳುವ ಮೊದಲು ಅಪ್ಪನನ್ನು ಐದು ನಿಮಿಷ ಹೊರಗೆ ಕೂರಿಸಬೇಕು.