ಹಿಮದ ಫೋಟೊ ನೆಗೆಟಿವ್ ಆದಾಗ: ನೆರಳಿನಿಂದ ಓದು ಶುರು ಮಾಡಿ

ಫೋಟೊದ ಬಣ್ಣಗಳನ್ನು ತಿರುಗಿಸಿ ನೆಗೆಟಿವ್ ಮಾಡುವ ಇನ್ವರ್ಟ್ ಎನ್ನುವುದು ಬರೀ ಕಳೆಯುವ ಲೆಕ್ಕ. ಎಂಟು ಬಿಟ್ ಚಿತ್ರದ ಪ್ರತಿ ಪಿಕ್ಸೆಲ್‌ನಲ್ಲಿ ಕೆಂಪು, ಹಸಿರು, ನೀಲಿಗೆ 0ರಿಂದ 255ರವರೆಗೆ ಒಂದೊಂದು ಅಂಕಿ ಇರುತ್ತದೆ; ಮೂರನ್ನೂ 255ರಿಂದ ಕಳೆದರೆ ನೆಗೆಟಿವ್ ಸಿದ್ಧ. ಬಿಸಿಲು ಬಿದ್ದ ಹಿಮ 240, 243, 248 ಇದ್ದರೆ ಅದು 15, 12, 7 ಆಗುತ್ತದೆ. ‘ಬಿಳಿ ಹೋಗಿ ಕಪ್ಪಾಯಿತು’ ಎಂದು ಬರೆದು ಮುಂದಿನ ಪುಟಕ್ಕೆ ಹೋಗಬೇಡಿ. ಈ ಪಾಠದ ತಿರುಳು ನೆರಳಿನಲ್ಲಿದೆ.

ಧಾರವಾಡದಲ್ಲಿ ನಾವು ಅಭ್ಯಾಸಕ್ಕೆ ಇಟ್ಟುಕೊಂಡದ್ದು ಮನಾಲಿ ಕಡೆಯ ಒಂದು ಚಿತ್ರ: ತಿಳಿಯಾದ ಆಕಾಶ, ದೇವದಾರು ಮರಗಳು, ಹಿಮದ ಮೇಲೆ ಹೆಜ್ಜೆಗುರುತು. ಮರದ ನೆರಳಿಗೆ ನೇರ ಬಿಸಿಲು ತಾಗುವುದಿಲ್ಲ, ನೀಲಿ ಆಕಾಶದ ಬೆಳಕು ಮಾತ್ರ ಬೀಳುತ್ತದೆ. ಹಿಮ ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಸಮನಾಗಿ ಹಿಂದಕ್ಕೆ ಕಳಿಸುವುದರಿಂದ ಆ ನೀಲಿ ಹಾಗೆಯೇ ಉಳಿಯುತ್ತದೆ. 150, 170, 205 ಇರುವ ನೆರಳು ಇನ್ವರ್ಟ್ ಆದಾಗ 105, 85, 50. ಅಂದರೆ ಹಳೆ ಬೆಲ್ಲದಂಥ ಕಂದು, ಸುತ್ತಲಿನ ಕಪ್ಪಿಗಿಂತ ಬೆಳಕಾಗಿ. ಇಡೀ ಚಿತ್ರ ರಾತ್ರಿಯಂತೆ ಕಂಡರೂ ಅದು ರಾತ್ರಿಯಲ್ಲ ಎಂದು ಹೇಳುವುದು ಇದೇ: ರಾತ್ರಿಯಲ್ಲಿ ನೆರಳು ಹೊಳೆಯುವುದಿಲ್ಲ. ಬೆಳಕು ಮೇಲಿನಿಂದ ಬರುತ್ತದೆ ಎಂದು ನಮ್ಮ ಮಿದುಳು ಮೊದಲೇ ನಂಬಿಕೊಂಡಿರುವುದರಿಂದ ಹೆಜ್ಜೆಯ ಗುಳಿಗಳು ಉಬ್ಬಿದ ದಿಬ್ಬಗಳಂತೆಯೂ ಕಾಣಬಹುದು. ಮೋಡ ಕವಿದ ದಿನದ ಚಿತ್ರವಾದರೆ ಈ ಕಂದು ಬಹುಮಟ್ಟಿಗೆ ಇರುವುದಿಲ್ಲ, ಬೂದು ಛಾಯೆಯಷ್ಟೇ.

ಉಳಿದ ಬಣ್ಣಗಳು ಸುಲಭ. ಆಕಾಶದ ನೀಲಿ ಕಿತ್ತಳೆಗಂದಾಗುತ್ತದೆ, ಕೆಂಪು ಜಾಕೀಟು ಹಸಿರುನೀಲಿಯಾಗುತ್ತದೆ. ಬ್ಯಾಡಗಿ ಮೆಣಸಿನಕಾಯಿ ರಾಶಿಯ ಫೋಟೊ ಇನ್ವರ್ಟ್ ಮಾಡಿ ನೋಡಿ, ಒಮ್ಮೆಗೇ ಮನದಟ್ಟಾಗುತ್ತದೆ.

ಹಿಮದ ಮೈಮೇಲಿನ ಸಣ್ಣ ಅಲೆಗಳ ವಿಷಯ ಸ್ವಲ್ಪ ನಿಧಾನವಾಗಿ ಓದಬೇಕು. 240 ಮತ್ತು 250ರ ನಡುವೆ ಹತ್ತರ ಅಂತರ. ತಿರುಗಿಸಿದ ಮೇಲೆ 15 ಮತ್ತು 5, ಅಲ್ಲಿಯೂ ಹತ್ತೇ. ಆದರೆ ಪರದೆ ಅಂಕಿಗಳನ್ನು ಬೆಳಕಾಗಿಸುವುದು ನೇರ ಪ್ರಮಾಣದಲ್ಲಿ ಅಲ್ಲ. ಪರದೆಗಳು ಸಾಮಾನ್ಯವಾಗಿ ಬಳಸುವ ಎಸ್‌ಆರ್‌ಜಿಬಿ (sRGB) ಬಣ್ಣಸೂತ್ರದಂತೆ 250ರ ಬೆಳಕು 240ರದ್ದಕ್ಕಿಂತ ಸುಮಾರು ಶೇ 10ರಷ್ಟು ಮಾತ್ರ ಹೆಚ್ಚು. 15ರ ಬೆಳಕು 5ರದ್ದರ ಮೂರು ಪಟ್ಟು. ಹಾಗಾಗಿ ಒಳ್ಳೆಯ ಪರದೆಯಲ್ಲಿ, ಕತ್ತಲೆ ಕೋಣೆಯಲ್ಲಿ, ಮೂಲದಲ್ಲಿ ಗಮನಕ್ಕೇ ಬಾರದ ಅಲೆಗಳು ನೆಗೆಟಿವ್‌ನಲ್ಲಿ ಎದ್ದು ಬರುತ್ತವೆ. ಕಿಟಕಿಯ ಬಿಸಿಲು ಪರದೆಗೆ ಹೊಡೆದರೆ ಅದೇ ಅಲೆಗಳು ಮೊದಲು ಮಾಯವಾಗುತ್ತವೆ. ಕಿಟಕಿಯ ಕರ್ಟನ್ ಎಳೆದು ನೋಡಿ, ಇದು ಚಿಕ್ಕ ಮಾತಲ್ಲ.

ಆದರೆ ಇಲ್ಲದ ವಿವರವನ್ನು ಇನ್ವರ್ಟ್ ತಂದುಕೊಡುವುದಿಲ್ಲ. ಬೆಳಕು ಹೆಚ್ಚಾಗಿ 255ಕ್ಕೆ ಮುಟ್ಟಿದ ಜಾಗಗಳೆಲ್ಲ 0 ಆಗಿ, ಅಚ್ಚಗಪ್ಪಿನ ತೇಪೆಯಾಗಿ ಉಳಿಯುತ್ತವೆ. ಇನ್ನೊಂದು ತುದಿಯೂ ಇದೆ: ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಎದುರಿನ ದೃಶ್ಯವನ್ನು ನಡುಬೂದು ಎಂದೇ ಎಣಿಸುತ್ತದೆ, ಹಾಗಾಗಿ ಅದರ ಮಾತನ್ನೇ ಕೇಳಿ ತೆಗೆದ ಹಿಮ ಮಂಕಾಗಿ ಬರುತ್ತದೆ. ಅದಕ್ಕೇ ಛಾಯಾಗ್ರಾಹಕರು ಒಂದರಿಂದ ಎರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟು) ಹೆಚ್ಚು ಬೆಳಕು ಕೊಡುತ್ತಾರೆ. ಮಂಕು ಹಿಮ 128ರ ಆಸುಪಾಸಿನಲ್ಲಿದ್ದರೆ ತಿರುಗಿಸಿದರೂ 127ರ ಆಸುಪಾಸೇ. ನೆಗೆಟಿವ್‌ನಲ್ಲೂ ಹಿಮ ಬೂದಾಗಿಯೇ ಉಳಿದರೆ ಎಕ್ಸ್‌ಪೋಶರ್ (ಒಳಬಿದ್ದ ಬೆಳಕು) ಕಡಿಮೆಯಾಗಿದೆ ಎಂದು ತಿಳಿಯಿರಿ. ಹಿಸ್ಟೋಗ್ರಾಮ್ (ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಕಲಿಯದವರಿಗೂ ಸಿಗುವ ಪರೀಕ್ಷೆ ಇದು.

ಫಿಲ್ಮ್‌ನ ನೆಗೆಟಿವ್ ಇದೇ ಎಂದು ಪರೀಕ್ಷೆಯಲ್ಲಿ ಬರೆಯಬೇಡಿ. ಕಲರ್ ನೆಗೆಟಿವ್ ಫಿಲ್ಮ್‌ಗೆ ಕಿತ್ತಳೆ ಛಾಯೆಯ ಮಾಸ್ಕ್ ಇರುತ್ತದೆ, ಅದನ್ನು ಸ್ಕ್ಯಾನ್ ಮಾಡಿ 255ರಿಂದ ಕಳೆದರೆ ಸರಿಯಾದ ಬಣ್ಣ ಬರುವುದಿಲ್ಲ. ಕಪ್ಪು-ಬಿಳುಪಿನದ್ದು ಹತ್ತಿರ. ಅಮೆರಿಕದ ವರ್ಮಾಂಟ್‌ನ ರೈತ ವಿಲ್ಸನ್ ಬೆಂಟ್ಲಿ 1885ರಲ್ಲಿ ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಹಿಮದ ಹರಳಿನ ಚಿತ್ರ ತೆಗೆದರು. ಅವರು ಗಾಜಿನ ನೆಗೆಟಿವ್‌ನಲ್ಲಿ ಹರಳಿನ ಸುತ್ತಲಿನ ಲೇಪವನ್ನು ಕೆರೆದು ತೆಗೆಯುತ್ತಿದ್ದರು. ಬರಿದಾದ ಗಾಜಿನಲ್ಲಿ ಬೆಳಕು ಪೂರ್ತಿ ಹಾಯ್ದು ಮುದ್ರಣದಲ್ಲಿ ಹಿನ್ನೆಲೆ ಕಪ್ಪಾಗುತ್ತಿತ್ತು. ಎಷ್ಟು ತಾಳ್ಮೆಯ ಕೆಲಸ!

ನಮ್ಮಲ್ಲಿ ಹಿಮ ಬೀಳುವುದಿಲ್ಲ, ಆದರೆ ಹುಬ್ಬಳ್ಳಿ, ಗದಗ ಕಡೆ ಸುಗ್ಗಿಯಲ್ಲಿ ಹತ್ತಿಯ ರಾಶಿ ಸಿಗುತ್ತದೆ. ಬಿಸಿಲಿನಲ್ಲಿ ಒಂದು ಫೋಟೊ ತೆಗೆದು ಇನ್ವರ್ಟ್ ಮಾಡಿ. ಹತ್ತಿಗೆ ತುಸು ಕೆನೆಬಣ್ಣ ಇರುವುದರಿಂದ ಬಿಸಿಲಿನ ಭಾಗ ನೀಲಿಗಪ್ಪಾಗುತ್ತದೆ. ಪಕ್ಕದ ಕೆಂಪು ಮಣ್ಣಿನ ಬೆಳಕೂ ನೆರಳಿಗೆ ಸೇರಿದರೆ ಅಲ್ಲಿ ಹಿಮದಲ್ಲಿ ಕಂಡಷ್ಟು ಕಂದು ಬರುವುದಿಲ್ಲ. ರಾಶಿಯ ಬುಡದಲ್ಲೊಂದು, ನೆತ್ತಿಯಲ್ಲೊಂದು ನೆರಳಿನ ಪಿಕ್ಸೆಲ್ ಆರಿಸಿ ಅವುಗಳ ಅಂಕಿಗಳನ್ನು ಟಿಪ್ಪಣಿಯಲ್ಲಿ ಬರೆದುಕೊಳ್ಳಿ. ಬುಡದಲ್ಲಿ ಮಣ್ಣಿನ ಪಾಲು ಎಷ್ಟೆಂದು ಆಗ ತಿಳಿಯುತ್ತದೆ.