ಪಂಪಿನ ಲೆಕ್ಕ ಯಾರು ಹಾಕಿಕೊಡ್ತಾರೆ?

ಅಂಗಳದಲ್ಲಿ ಹರಡಿದ ಅಡಿಕೆ ಸರಿಯಾಗಿ ಒಣಗಲು ಹತ್ತಿರ ಹತ್ತಿರ ನಲವತ್ತು ದಿನದ ಬಿಸಿಲು ಬೇಕು. ನಡುವೆ ಡಿಸೆಂಬರಿನಲ್ಲೊಂದು ಮಳೆ ಹೊಡೆದರೆ ಮುಗಿಯಿತು, ಬೂಸ್ಟು ಹಿಡಿದದ್ದು ಕರಿಗೋಟಿನ (ಕೀಳು ದರ್ಜೆಯ ಅಡಿಕೆಯ) ರಾಶಿಗೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇಕಡಾ 7ರಷ್ಟು ಜಾಸ್ತಿ ನೀರಾವಿ ಹಿಡಿದಿಟ್ಟುಕೊಳ್ಳಬಲ್ಲದು, ಹಾಗಾಗಿ ಸುರಿಯುವಾಗ ಒಮ್ಮೆಲೇ ಸುರಿಯುತ್ತದೆ. ಗುಡ್ಡಕ್ಕೆ ಕುಡಿಯಲು ಪುರುಸೊತ್ತಿಲ್ಲ, ನೀರು ಸೀದಾ ಸಮುದ್ರಕ್ಕೆ. ಮಾರ್ಚಿನಲ್ಲಿ ಮತ್ತೆ ಬೋರ್‌ವೆಲ್ ಲಾರಿ.

ಇದನ್ನೆಲ್ಲ ಬಲ್ಲವರು ದೂರದಲ್ಲೇನೂ ಇಲ್ಲ, ನಮ್ಮ ಕಾಸರಗೋಡು ಜಿಲ್ಲೆಯಲ್ಲೇ ಇದ್ದಾರೆ. ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಶುರುವಾದದ್ದು. ಪಡನ್ನಕ್ಕಾಡಿನಲ್ಲಿ ಕೃಷಿ ಕಾಲೇಜಿದೆ, ಪೆರಿಯದಲ್ಲಿ 2009ರಲ್ಲಿ ಹುಟ್ಟಿದ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ಪೊವ್ವಲ್‌ನಲ್ಲಿ ಎಂಜಿನಿಯರಿಂಗ್ ಕಾಲೇಜು. ಇವರಿಂದ ನಮಗೆ ಬೇಕಾದ್ದು ಭಾಷಣವಲ್ಲ ಮಾರಾಯ್ರೇ, ಅಳತೆ.

ತೋಟದ ಪಂಪನ್ನೇ ತೆಗೆದುಕೊಳ್ಳಿ. ಐದು ಎಚ್‌ಪಿ ಮೋಟರು ಪೂರ್ತಿ ಲೋಡಿನಲ್ಲಿ ನಾಲ್ಕು ಗಂಟೆ ಓಡಿದರೆ ಕಡಿಮೆಯೆಂದರೂ 15 ಯೂನಿಟ್. ನಮ್ಮ ದೇಶದ ಕರೆಂಟಿನಲ್ಲಿ ಕಲ್ಲಿದ್ದಲಿನದೇ ದೊಡ್ಡ ಪಾಲು, ಹಾಗಾಗಿ ಯೂನಿಟ್ಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್. ದಿನಕ್ಕೆ ಹತ್ತು ಕಿಲೋ ದಾಟಿತು, ಒಂದು ತೋಟದಿಂದ! ಸುಟ್ಟ ಮೇಲೆ ತಂತಿ ಮತ್ತೆ ಸುತ್ತಿಸಿದ ಹಳೇ ರಿವೈಂಡಿಂಗ್ ಮೋಟರಾದರೆ ಇನ್ನೂ ಜಾಸ್ತಿ. ಸಣ್ಣ ಕೃಷಿಕರ ಪಂಪಿನ ಬಿಲ್ಲನ್ನು ಸರಕಾರವೇ ಕಟ್ಟುವ ಯೋಜನೆ ಕೇರಳದಲ್ಲಿರುವಾಗ ಮೀಟರನ್ನು ಯಾರು ನೋಡುತ್ತಾರೆ ಹೇಳಿ. ಆದರೆ ಕ್ಲಾಂಪ್ ಮೀಟರ್ (ತಂತಿಗೆ ಸಿಕ್ಕಿಸಿ ಕರೆಂಟು ಅಳೆಯುವ ಸಾಧನ) ಹಿಡಿದ ಇಬ್ಬರು ವಿದ್ಯಾರ್ಥಿಗಳು ಬಂದು, ಮೋಟರು ಎಷ್ಟು ಎಳೆಯುತ್ತದೆ, ಎಷ್ಟು ನೀರು ಮೇಲೆ ಬರುತ್ತದೆ, ಮರದ ಬುಡಕ್ಕೆ ನಿಜಕ್ಕೂ ಎಷ್ಟು ಬೇಕು ಅಂತ ಬರೆದುಕೊಟ್ಟರೆ ಡ್ರಿಪ್ ಹಾಕುವ ಮಾತಿಗೆ ಬೆಲೆ ಬರುತ್ತದೆ.

ಅಡಿಕೆ ಹಾಳೆಯ ತಟ್ಟೆ ಮಾಡುವ ಘಟಕಗಳದ್ದೂ ಇದೇ ಕಥೆ. ನೆನೆಸಿದ ಹಾಳೆಯನ್ನು ಬಿಸಿ ಅಚ್ಚಿನಡಿ ಒತ್ತುತ್ತಾರೆ. ಅಚ್ಚಿನ ಸುತ್ತ ಶಾಖ ತಡೆಯುವ ಹೊದಿಕೆ ಇಲ್ಲದಿದ್ದರೆ ಕರೆಂಟಿನ ಒಂದು ಪಾಲು ಸುಮ್ನೆ ಶೆಡ್ಡನ್ನು ಕಾಯಿಸುತ್ತಿರುತ್ತದೆ, ಒಳಗೆ ಕೆಲಸ ಮಾಡುವ ಹೆಂಗಸರು ಬೆವರುತ್ತಾರೆ. 'ಪರಿಸರಸ್ನೇಹಿ ತಟ್ಟೆ' ಅಂತ ಮಾರುವವರಿಗೆ ಒಂದು ಎನರ್ಜಿ ಆಡಿಟ್ (ಕರೆಂಟು ಎಲ್ಲೆಲ್ಲಿ ಪೋಲಾಗುತ್ತದೆಂಬ ಲೆಕ್ಕ) ಮಾಡಿಸಿಕೊಡುವುದು ಕಾಲೇಜಿಗೆ ದೊಡ್ಡ ಖರ್ಚೇನಲ್ಲ.

ಸಿಪಿಸಿಆರ್‌ಐಯವರು ತೆಂಗಿನ ಮಡಲನ್ನು ಎರೆಹುಳದಿಂದ ಗೊಬ್ಬರ ಮಾಡುವ ಕ್ರಮವನ್ನು ರೂಪಿಸಿ ಎಷ್ಟೋ ಕಾಲವಾಯಿತು. ಆದರೂ ಮಡಲಿಗೆ ಬೆಂಕಿ ಹಚ್ಚುವವರು ಇನ್ನೂ ಇದ್ದಾರೆ.

ಪಡ್ರೆ, ಬಾಯಾರು ಕಡೆಯ ಸುರಂಗಗಳ (ನೀರಿಗಾಗಿ ಗುಡ್ಡಕ್ಕೆ ಅಡ್ಡಡ್ಡ ಕೊರೆದವು) ನೀರು ಅಳೆಯಲು ದುಬಾರಿ ಯಂತ್ರವೂ ಬೇಡ. ಸುರಂಗದ ಬಾಯಿಯಲ್ಲಿ ಕೊಡಪಾನ ಇಟ್ಟು, ತುಂಬಲು ಎಷ್ಟು ಸೆಕೆಂಡು ಅಂತ ವಾರಕ್ಕೊಮ್ಮೆ ಶಾಲೆಯ ಮಕ್ಕಳೇ ಬರೆದಿಡಬಹುದು. ತೋಡಿಗೆ ಕಟ್ಟ (ನೀರು ತಡೆದು ಇಂಗಿಸುವ ತಾತ್ಕಾಲಿಕ ಒಡ್ಡು) ಹಾಕಿದ ವರ್ಷಕ್ಕೂ ಹಾಕದ ವರ್ಷಕ್ಕೂ ಏನು ವ್ಯತ್ಯಾಸ ಅಂತ ಆ ಪುಸ್ತಕ ನೋಡಿ ಲೆಕ್ಕ ಹಾಕುವುದು ವಿಶ್ವವಿದ್ಯಾಲಯದ ಕೆಲಸ, ಒಂದೇ ವರ್ಷದ ಅಂಕಿ ನೋಡಿ ಹಾರಾಡದಂತೆ ತಡೆಯುವುದೂ ಅವರದ್ದೇ. ವಯನಾಡಿನ ಮೀನಂಗಾಡಿ ಪಂಚಾಯತು 2016ರಲ್ಲಿ ಕಾರ್ಬನ್ ನ್ಯೂಟ್ರಲ್ (ಹೊರಬಿಟ್ಟಷ್ಟೇ ಇಂಗಾಲವನ್ನು ಹೀರಿಕೊಳ್ಳುವ ಊರು) ಆಗಲು ಹೊರಟಾಗಲೂ ಇಂಗಾಲದ ಲೆಕ್ಕ ಹಿಡಿಯದೆ ದಾರಿ ಇರಲಿಲ್ಲ.

ಇನ್ನೊಂದು ಮಾತು. ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಇನ್ನೂರು ಪುಟದ ವರದಿ ಕೊಟ್ಟರೆ ಎಣ್ಮಕಜೆಯ ಕೃಷಿಕರು ಅದನ್ನು ಕಪಾಟಿನಲ್ಲಿಡುತ್ತಾರೆ, ಅಷ್ಟೇ. ಕನ್ನಡದಲ್ಲಿ ಒಂದು ಪುಟ ಸಾಕು: ಯಾವ ಮೋಟರು, ದಿನಕ್ಕೆ ಎಷ್ಟು ಗಂಟೆ, ಬದಲಿಸಿದರೆ ಎಷ್ಟು ನೀರು ಉಳಿಯುತ್ತದೆ, ಸಬ್ಸಿಡಿಗೆ ಯಾವ ಕೃಷಿಭವನಕ್ಕೆ ಯಾವ ಕಾಗದ ಕೊಡಬೇಕು.