ಘೋಷಣೆ ಕೂಗುವವರ ಆತ್ಮವಿಶ್ವಾಸ

ಧಾರವಾಡದ ಜುಬಿಲಿ ಸರ್ಕಲ್‌ನಲ್ಲಿ ವಿದ್ಯಾರ್ಥಿಗಳು ರಸ್ತೆ ತಡೆದು ಕೂತರೆ, ನಿಂತ ಬಸ್ಸಿನೊಳಗೆ ಯಾರಾದರೂ ಗೊಣಗುತ್ತಾರೆ: ‘ಓದಾಕ ಆಗದವರ ಕೆಲಸ ಇದು!’ ಮನೋವಿಜ್ಞಾನದ ಲೆಕ್ಕ ಬಹುಮಟ್ಟಿಗೆ ಇದಕ್ಕೆ ಉಲ್ಟಾ ಇದೆ.

‘ಈ ಕೆಲಸ ನನ್ನಿಂದ ಆಗುತ್ತದೆ’ ಎಂಬ ಭರವಸೆಗೆ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರಾ 1977ರಲ್ಲಿ ಶಾಸ್ತ್ರೀಯ ರೂಪ ಕೊಟ್ಟರು. ಇದು ಜಂಬವಲ್ಲ, ಎಲ್ಲ ಕೆಲಸಕ್ಕೂ ಒಂದೇ ಸಮ ಇರುವುದೂ ಇಲ್ಲ. ಗಣಿತದಲ್ಲಿ ಗಟ್ಟಿಯಾದ ಹುಡುಗಿ ಮೈಕ್ ಮುಂದೆ ನಡುಗಬಹುದು. ಈ ಭರವಸೆಯನ್ನು ಎಲ್ಲಕ್ಕಿಂತ ಹೆಚ್ಚು ಬೆಳೆಸುವುದು ಹಿಂದೆ ತಾನೇ ಗೆದ್ದ ಅನುಭವ.

1982ರಲ್ಲಿ ಅವರು ಇದರ ಪಕ್ಕ ಇನ್ನೊಂದು ಪ್ರಶ್ನೆ ಇಟ್ಟರು: ನಾನು ಮಾಡಿದರೂ ವ್ಯವಸ್ಥೆ ಓಗೊಡುತ್ತದೆಯೇ? ಎರಡಕ್ಕೂ ‘ಇಲ್ಲ’ ಎನ್ನುವ ಹುಡುಗ ಬೀದಿಗೆ ಬರುವುದಿಲ್ಲ, ಹಾಸ್ಟೆಲ್ ಕೋಣೆಯಲ್ಲಿ ಸುಮ್ಮನೆ ಮಲಗುತ್ತಾನೆ. ಉಳಿದವರಿಗೆ ಸಿಗುತ್ತಿದೆ, ನನಗಷ್ಟೇ ಯೋಗ್ಯತೆ ಇಲ್ಲ ಎನ್ನುವವನು ತನ್ನನ್ನೇ ಹಳಿದುಕೊಂಡು ಕುಗ್ಗುತ್ತಾನೆ. ನಿಜಕ್ಕೂ ಚಿಂತೆ ಮಾಡಬೇಕಾದದ್ದು ಈ ಇಬ್ಬರ ಬಗ್ಗೆ. ಆದರೆ ಇವರಿಂದ ಟ್ರಾಫಿಕ್ ನಿಲ್ಲುವುದಿಲ್ಲವಲ್ಲ. ‘ನನ್ನಿಂದ ಆಗುತ್ತದೆ, ಕಚೇರಿಯೇ ಕದಲುತ್ತಿಲ್ಲ’ ಎನ್ನುವವನು ಮಾತ್ರ ಫಲಿತಾಂಶ ತಡವಾದಾಗ ಮನವಿಪತ್ರ ಬರೆದು ನಾಲ್ಕು ಜನರನ್ನು ಕೂಡಿಸುತ್ತಾನೆ.

ಇದಕ್ಕೆ ಹಳೆಯ ಪುರಾವೆಯೂ ಇದೆ. 1963ರಲ್ಲಿ ಪರ್ಲ್ ಗೋರ್ ಮತ್ತು ಜೂಲಿಯನ್ ರಾಟರ್ ಅಮೆರಿಕದ ದಕ್ಷಿಣ ಭಾಗದ ಕಪ್ಪು ವಿದ್ಯಾರ್ಥಿಗಳನ್ನು, ನಾಗರಿಕ ಹಕ್ಕುಗಳಿಗಾಗಿ ಏನೇನು ಮಾಡಲು ಸಿದ್ಧರಿದ್ದೀರಿ ಎಂದು ಕೇಳಿದರು. ಹಣೆಬರಹಕ್ಕಿಂತ ತಮ್ಮ ಪ್ರಯತ್ನವನ್ನು ನಂಬಿದವರೇ ಮೆರವಣಿಗೆಗೆ ಹೆಚ್ಚು ತಯಾರಿದ್ದರು.

ಹಾಗಾದರೆ ಹೋರಾಟದಲ್ಲಿ ಕಲ್ಲು ತೂರಾಟ ಎಲ್ಲಿಂದ ಬರುತ್ತದೆ? 2011ರಲ್ಲಿ ನಿಕೋಲ್ ಟೌಶ್ ಮತ್ತು ಸಂಗಡಿಗರು ಜರ್ಮನಿಯಲ್ಲಿ ಶುಲ್ಕದ ವಿರುದ್ಧ ಹೋರಾಡುತ್ತಿದ್ದ ವಿದ್ಯಾರ್ಥಿಗಳನ್ನೂ, ಭಾರತ ಮತ್ತು ಬ್ರಿಟನ್ನಿನ ಮುಸ್ಲಿಮರನ್ನೂ ಅಭ್ಯಾಸ ಮಾಡಿದರು. ಒಟ್ಟಾರೆ ಕಂಡದ್ದು: ನಾವು ಕೂಡಿದರೆ ಬದಲಾವಣೆ ಆಗುತ್ತದೆ ಎಂಬ ನಂಬಿಕೆ ಹೆಚ್ಚಿದ್ದಲ್ಲಿ ಸಹಿ ಸಂಗ್ರಹ, ಮೆರವಣಿಗೆಗಳತ್ತ ಒಲವು, ಅದು ಕಡಿಮೆಯಾದಲ್ಲಿ ಹಿಂಸೆಯತ್ತ. ಸಿಟ್ಟು ಮುಖ್ಯವಾಗಿ ಶಾಂತ ಹೋರಾಟದ ಜೊತೆ ಹೋದರೆ, ಎದುರಿನವರ ಮೇಲಿನ ತಿರಸ್ಕಾರ ಹಿಂಸೆಯ ಜೊತೆ ಹೋಯಿತು.

ಪ್ರಶ್ನಾವಳಿಗಳಲ್ಲಿ ಕಂಡ ಸಂಬಂಧವನ್ನೇ ಕಾರಣ ಎಂದುಬಿಡಲಾಗದು. ಆದರೂ ಕಚೇರಿಗಳ ಒಂದು ರೂಢಿ ನನಗೆ ಅಪಾಯಕಾರಿಯಾಗಿ ಕಾಣುತ್ತದೆ: ಮನವಿಪತ್ರ ಕಪಾಟು ಸೇರುತ್ತದೆ, ಗಾಜು ಒಡೆದ ಮರುದಿನ ಅದೇ ಬೇಡಿಕೆ ಈಡೇರುತ್ತದೆ. ಗೆದ್ದ ಅನುಭವವೇ ನಂಬಿಕೆಯನ್ನು ಬೆಳೆಸುತ್ತದೆ ಎನ್ನುವುದಾದರೆ, ಆ ಹುಡುಗರಿಗೆ ಯಾವುದರ ಮೇಲೆ ನಂಬಿಕೆ ಬಂದಿರುತ್ತದೆ?